ಈ ಮನೆಯೊಳಗೆ ಮಾತ್ರ ತೆರೆಯುವ ಪುಟ

ನಮ್ಮ ಕನ್ನಡ ಸಂಘಕ್ಕೆ ಹೊಸ ಜಾಲತಾಣ ಮಾಡಿಕೊಡಲು ಒಪ್ಪಿದಾಗ ನಾನು ಕೇಳಿದ್ದು ಒಂದೇ: ಹಳೆಯ ನಾಟಕಗಳ ಚಿತ್ರಗಳ ಕೆಳಗೆ, ತೀರಿಕೊಂಡ ನನ್ನ ಹೆಂಡತಿಯ ಹೆಸರು ಇರಬೇಕು. ಅವಳು ಪಾತ್ರ ಮಾಡಿದವಳಲ್ಲ. ಪ್ರತಿ ನಾಟಕದಲ್ಲಿಯೂ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಮೆಲ್ಲಗೆ ನೆನಪಿಸುತ್ತಿದ್ದವಳು. ಈಗ ಸಂಘದ ಕಾರ್ಯದರ್ಶಿಯಾಗಿರುವವರು ಒಮ್ಮೆ ಸೇನಾಪತಿಯ ವೇಷದಲ್ಲಿ ಬಾಯಿ ಕಟ್ಟಿ ನಿಂತಿದ್ದಾಗ, ಒಂದೊಂದೇ ಸಾಲು ಹೇಳಿಕೊಟ್ಟು ಪ್ರವೇಶ ಮುಗಿಸಿಕೊಟ್ಟವಳು. ಅವರು ಅದನ್ನು ಮರೆತಿರಬಹುದು, ನಾನು ಮರೆತಿಲ್ಲ.

ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಕಲಿತ ಕಂಪ್ಯೂಟರ್ ವಿದ್ಯೆಯನ್ನು ನಂಬಿ, ಕುಷಾಯಿಗೂಡದ ಮನೆಯಲ್ಲಿ ಕೆಲಸ ಆರಂಭಿಸಿದೆ. ಜಾಲತಾಣವನ್ನು ಹೊರಗೆ ಬಿಡುವ ಮೊದಲು ಅದರ ನಿಜವಾದ ಹೆಸರಿನಲ್ಲಿಯೇ ಪರೀಕ್ಷಿಸಬೇಕೆಂಬುದು ನನ್ನ ಕ್ರಮ. ತಾಣದ ಹೆಸರು ಕೇಳಿದ ಯಂತ್ರಕ್ಕೆ ಅದಿರುವ ವಿಳಾಸ ಹೇಳುವುದು ಡಿಎನ್‌ಎಸ್ ಸರ್ವರಿನ ಕೆಲಸ. ಅಂಥದ್ದೊಂದನ್ನು ನನ್ನ ಕಂಪ್ಯೂಟರಿನಲ್ಲಿ, ಉಳಿದ ಯಾವುದಕ್ಕೂ ತಗುಲದಂತೆ, ಕಂಟೇನರ್ ಎಂಬ ಪ್ರತ್ಯೇಕ ತಂತ್ರಾಂಶದ ಗೂಡಿನೊಳಗೆ ಓಡಿಸಿದೆ. ಮನೆಯ ವೈಫೈ ಬಳಸುವವರೆಲ್ಲ ಮೊದಲು ಅದನ್ನೇ ಕೇಳುವಂತೆ ಮಾಡಿದೆ. ಸಂಘದ ಹೆಸರು ಕೇಳಿದರೆ ಅದು ನನ್ನ ಕಂಪ್ಯೂಟರಿನ ವಿಳಾಸ ಕೊಡುತ್ತಿತ್ತು. ಬೇರೆ ಹೆಸರುಗಳನ್ನು ಹೊರಗೆ ವಿಚಾರಿಸಿ ತಿಳಿಸುತ್ತಿತ್ತು. ಹೀಗಾಗಿ ಊರಿಗೆಲ್ಲ ಹಳೆಯ ತಾಣ, ನನ್ನ ಮನೆಗೆ ಮಾತ್ರ ಹೊಸದು.

ಕಾರ್ಯದರ್ಶಿಗಳು ನೋಡಲು ಬಂದರು. ನನ್ನ ವೈಫೈಯಲ್ಲಿ, ತಮ್ಮದೇ ಫೋನಿನಲ್ಲಿ ತೆರೆದರು.

“ಭಾಳ ಛಂದ ಆಗೈತ್ರಿ ಕಾಕಾ.”

“ಇದು ಈ ಮನಿಯೊಳಗ ಅಷ್ಟ ಕಾಣತೈತಿ. ಹೊರಗ ಇನ್ನೂ ಹಳೇದ ಐತಿ. ಸಂಘದ ಪಾಸ್‌ವರ್ಡ್ ಕೊಟ್ರ ಹೊರಗೂ ಹಾಕತೀನಿ,” ಎಂದೆ.

“ಹೂಂ ರಿ, ಹೂಂ ರಿ,” ಎಂದರು. ಆಗ ಅವರ ಗಮನವೆಲ್ಲ ಚೂಡಾದ ತಟ್ಟೆಯ ಮೇಲಿತ್ತು.

ಮುಂದಿನ ವಾರ ಹಿಮಾಯತ್‌ನಗರದ ಸಭೆಯಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ಹೊಸ ತಾಣ ಶುರುವಾಗಿದೆಯೆಂದು ಘೋಷಿಸಿಬಿಟ್ಟರು. ಎಲ್ಲರೂ ಫೋನ್ ತೆಗೆದರು. ಎಲ್ಲರಿಗೂ ಹಳೆಯ ತಾಣವೇ ಕಂಡಿತು.

“ಅಲ್ರಿ ಕಾಕಾ, ನಿಮ್ಮ ಸೈಟ್ ನೋಡಾಕ ನಿಮ್ಮ ಮನೀಗೇ ಬರಬೇಕೇನ್ರಿ?” ಎಂದು ಹಿಂದಿನ ಸಾಲಿನವರೊಬ್ಬರು ಕೇಳಿದರು. “ಹಂಗಾದ್ರ ಚಾ ಇಟ್ಟಿರ್ರಿ.”

ಸಭೆ ನಕ್ಕಿತು. ಕಾರ್ಯದರ್ಶಿಗಳು ನನ್ನತ್ತ ತಿರುಗಲಿಲ್ಲ. “ನನಗೇನ್ ಗೊತ್ತ್ರಿ? ಅವರ ತೋರಿಸಿದ್ರು, ನಾ ನೋಡಿದೆ,” ಎಂದರು. ನಾನು ಹೇಳಿದ್ದ ಮಾತನ್ನು ಅವರ ಬಾಯಿಂದ ಯಾರೂ ಕೇಳಲಿಲ್ಲ. ಮರೆತ ಮಾತನ್ನು ಅವರಿಗೆ ಹೇಳಿಕೊಡಲು ಈಗ ಪರದೆಯ ಹಿಂದೆ ಯಾರೂ ಇರಲಿಲ್ಲ.

ಕೆಲಸ ದಿಲ್‌ಸುಖ್‌ನಗರದ ಒಂದು ಸಣ್ಣ ಕಂಪನಿಯ ಪಾಲಾಯಿತು. ಆದರೂ ಪ್ರತಿ ಚಿತ್ರಕ್ಕೂ ಪೂರ್ಣ ಹೆಸರುಗಳ ವಿವರಣೆ ಸೇರಿಸಿ, ನಾನೇ ಹೋಗಿ ಆ ಕಂಪನಿಗೆ ಒಪ್ಪಿಸಿ ಬಂದೆ. ಅವಮಾನ ನನ್ನದು, ಹೆಸರು ಅವಳದು.

ಹೊಸ ತಾಣ ತೆರೆದ ಸುದ್ದಿ ಫೋನಿನಲ್ಲಿ ಬಂತು. ಕಂಟೇನರ್ ಇನ್ನೂ ಓಡುತ್ತಿದ್ದುದರಿಂದ, ನನ್ನ ಕಂಪ್ಯೂಟರಿನಲ್ಲಿ ಆ ಹೆಸರು ಹಾಕಿದರೆ ನಾನು ಮಾಡಿದ ತಾಣವೇ ತೆರೆಯಿತು. ಫೋನಿನ ಡೇಟಾದಲ್ಲಿ ನೋಡಬಹುದಿತ್ತು. ಆದರೆ ಅವಳನ್ನು ದೊಡ್ಡ ಪರದೆಯಲ್ಲಿ ನೋಡಬೇಕೆನಿಸಿತು. ಕಂಟೇನರ್ ನಿಲ್ಲಿಸಿ, ವೈಫೈಯನ್ನು ಮೊದಲಿನಂತೆ ಮಾಡಿ, ಮತ್ತೆ ತೆರೆದೆ.

ಚಿತ್ರಗಳೆಲ್ಲ ಇದ್ದವು. ವೇಷಧಾರಿಗಳ ಸಾಲಿನ ತುದಿಯಲ್ಲಿ, ನಾಟಕದ ಪ್ರತಿಯನ್ನು ಎದೆಗವಚಿಕೊಂಡು ಅವಳೂ ನಿಂತಿದ್ದಳು. ಕೆಳಗೆ ಸೇನಾಪತಿಯ ಹೆಸರಿತ್ತು, ರಾಜನ ಹೆಸರಿತ್ತು. ಕೊನೆಯಲ್ಲಿ “ಮತ್ತು ಇತರರು” ಎಂದಿತ್ತು.

ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ.

“ಜಾಗ ಸಾಲಲಿಲ್ಲಂತ್ರಿ ಕಾಕಾ,” ಎಂದರು. “ಮೊಬೈಲ್‌ನ್ಯಾಗ ಅಷ್ಟೆಲ್ಲಾ ಹೆಸರು ಕೂಡಂಗಿಲ್ಲಂತ. ಮುಂದ ನೋಡೋಣಂತ ಬಿಡ್ರಿ.”

ಬಿಡಲಿಲ್ಲ. ಕಂಟೇನರನ್ನು ಮತ್ತೆ ಚಾಲೂ ಮಾಡಿ ವೈಫೈಯನ್ನು ಅದರತ್ತ ತಿರುಗಿಸಿದೆ, ಅಂದಿನಿಂದ ನಿಲ್ಲಿಸಿಲ್ಲ. ಈ ಮನೆಯಲ್ಲಿ ಸಂಘದ ಹೆಸರು ಕೇಳಿದವರಿಗೆ ಅವಳ ಪೂರ್ಣ ಹೆಸರಿರುವ ಪುಟವೇ ತೆರೆಯುತ್ತದೆ. ತೆರೆದವರು ಯಾರೆಂದು ಯಂತ್ರ ದಾಖಲಿಸಿಡುತ್ತದೆ, ಆಮೇಲಿನ ದಾಖಲೆಯಲ್ಲಿರುವುದು ನಾನೊಬ್ಬನೇ.

ವೈಫೈ ಪಾಸ್‌ವರ್ಡನ್ನು ದೊಡ್ಡ ಅಕ್ಷರದಲ್ಲಿ ಬರೆದು ಟೀಪಾಯಿಯ ಮೇಲೆ ಇಟ್ಟಿದ್ದೇನೆ. ಇನ್ನೂ ಯಾರೂ ಕೇಳಿಲ್ಲ.