ಚಿಪ್ಪು ಬಲ್ಲ ಬೆರಳುಗಳು

ವತ್ಸಲಾ ಮೇಡಂ ಚಿಪ್ಪುಗಳನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಎಡ ಅಂಗೈಯಲ್ಲಿ ಚಿಪ್ಪು, ಅದರ ಮೇಲೆ ಬಲಗೈಯ ಎರಡು ಬೆರಳು. ಮೊದಲು ಉಬ್ಬು, ಆಮೇಲೆ ಬೆನ್ನು, ಕೊನೆಗೆ ಅಂಚು. ಬೆರಳು ಅಂಚನ್ನು ಒಂದು ಸುತ್ತು ಬಂದ ಮೇಲಷ್ಟೇ ಬಾಯಿ ಬಿಡುತ್ತಿದ್ದರು. "ಕಣ್ಣು ಅವಸರ ಮಾಡ್ತದ. ಬೆರಳಿಗೆ ಸುಳ್ಳು ಹೇಳಲಿಕ್ಕೆ ಬರೂದಿಲ್ಲ" ಎನ್ನುವುದು ಅವರ ಮಾತು.

ಬಾಗಲಕೋಟೆಯ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ನನಗಿಂತ ಬಹಳ ಹಿರಿಯರು. ಮದುವೆಯಾಗಿರಲಿಲ್ಲ, ನವನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ಕಾರವಾರದ ಕಡಲತೀರದಿಂದ ಆರಿಸಿ ತಂದ ಕಪ್ಪೆಚಿಪ್ಪುಗಳು ಅವರ ಲ್ಯಾಬಿನ ಕಪಾಟಿನ ತುಂಬ. ಪಠ್ಯದಲ್ಲಿ 'ದ್ವಿಕವಾಟಿ' ಎಂದಿದ್ದರೆ ಇವರು 'ಎರಡು ಕದದ್ದು' ಎನ್ನುವರು. ಒಂದೊಂದರ ಆಕಾರಕ್ಕೂ ತಕ್ಕ ಮಾತು ಬೇಕೆಂದು ಆಗಾಗ ನನ್ನನ್ನು ಕರೆಸುವರು.

ಒಮ್ಮೆ ನಾನು ಒಂದನ್ನು ಎತ್ತಿ 'ಅಂಡಾಕಾರ' ಎಂದೆ. ಗದರಿದರು. "ತತ್ತಿ ನೋಡಿಯೇನು ನೀ? ಅದಕ್ಕ ಒಂದು ತುದಿ ಸಣ್ಣದಿರ್ತದ. ಇದಕ್ಕೆಲ್ಲಿ ಅದ? ಇದು ಕರ್ಚಿಕಾಯಿ. ಬೆನ್ನು ನೆಟ್ಟಗ, ಹೊಟ್ಟಿ ಕಮಾನು." ಇನ್ನೊಂದು ದುಂಡನೆಯ ಚಿಪ್ಪಿನ ಹಲ್ಲುಹಲ್ಲು ಅಂಚಿನ ಮೇಲೆ ನನ್ನ ಬೆರಳು ಎಳೆದು, "ಏನು ನೆನಪಾಗ್ತದ?" ಎಂದು ಕೇಳಿದರು. ಉಟ್ಟಿದ್ದ ಇಳಕಲ್ ಸೀರೆಯ ಸೆರಗಿನಲ್ಲಿ ಹಲ್ಲಿನಂತೆ ನೇಯ್ದ ಸಾಲು ನೋಡಿಕೊಂಡು "ತೋಪು ತೆನಿ" ಎಂದೆ. ಹುಡುಗಿಯಂತೆ ಚಪ್ಪಾಳೆ ತಟ್ಟಿಬಿಟ್ಟರು.

ಆ ಬೇಸಿಗೆ ಅಣೆಕಟ್ಟಿನ ಹಿನ್ನೀರು ತೀರ ಕೆಳಗಿಳಿದಿತ್ತು. ಮುಳುಗಿದ ಹಳೇ ಊರಿನ ಕಡೆ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋದೆವು. ಬಿರುಕು ಬಿಟ್ಟ ಕೆಸರಿನ ಮೇಲೆ ಹೊಳೆಯ ಚಿಪ್ಪುಗಳು ಬಾಯಿ ತೆರೆದು ಬಿದ್ದಿದ್ದವು. ಕೊಳೆತ ನಾತ. ಹಕ್ಕಿಗಳೂ ಅತ್ತ ಸುಳಿದಿರಲಿಲ್ಲ. ಮೇಡಂ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಸವರಿದರು. ಎಲ್ಲವೂ ಉದ್ದನೆಯವು, ದಪ್ಪ ಅಂಚಿನವು.

"ಬರೇ ಮುದುಕ್ಯಾರ ಅದಾವ, ಶೈಲಾ. ಮರಿ ಒಂದೂ ಇಲ್ಲ."

"ಇಷ್ಟೊಂದು ಅದಾವಲ್ರಿ?"

"ಇಷ್ಟೊಂದು ಕಾಣ್ತಾವಂತನ, ಸಂತಾನ ನಿಂತದ್ದು ಯಾರಿಗೂ ತಿಳಿಯೂದಿಲ್ಲ. ಕೇಡು ಸಪ್ಪಳ ಮಾಡಿ ಬರೂದಿಲ್ಲ."

ಹಿಂತಿರುಗುವಾಗ ಬಸ್ಸಿನ ಹಿಂದಿನ ಸೀಟುಗಳಲ್ಲಿ ಹುಡುಗಿಯರ ಅಂತ್ಯಾಕ್ಷರಿ ನಡೆದಿತ್ತು. ಮೇಡಂ ಕಿಟಕಿಯತ್ತ ಮುಖ ಮಾಡಿ, ಪಾಠ ಹೇಳುವ ದನಿಯಲ್ಲೇ ಮೆಲ್ಲಗೆ ಶುರುಮಾಡಿದರು.

"ಒಂದು ಹೇಳ್ತೀನಿ, ಕೇಳು. ಹುಣಸಿ ಬೀಜದಷ್ಟು ಅದ. ದುಂಡಗಿಲ್ಲ. ಮ್ಯಾಲೆ ಒರಟು, ಅಂಚು ಕಚ್ಚಿದಂಗ. ಒತ್ತಿದರ ಸರಿಯೂದಿಲ್ಲ, ಬೇರು ಬಿಟ್ಟಂಗ ಕೂತದ. ನೋಯೂದಿಲ್ಲ."

"ಯಾವ ಚಿಪ್ಪುರಿ ಮೇಡಂ?"

ಸೆರಗಿನ ಮೇಲಿಂದ ತಮ್ಮ ಎಡ ಎದೆಯನ್ನು ಮುಟ್ಟಿ ತೋರಿಸಿದರು.

"ನಾಳೇನ ದವಾಖಾನಿಗೆ ಹೋಗೋಣ್ರಿ."

"ಹುಡುಗ್ಯಾರ ಪರೀಕ್ಷಾ ಮುಗೀಲಿ."

ಎಷ್ಟು ಗೋಗರೆದರೂ ಕೇಳಲಿಲ್ಲ. ಕೆಸರಿನಲ್ಲಿ ಕೂತು ಬರಲಿರುವ ಕೇಡನ್ನು ಗುರುತಿಸಿದವರು ತಮ್ಮ ಕೇಡಿಗೆ ಗಡುವು ಕೊಟ್ಟರು. ಅಷ್ಟು ದಿನ, ಪಕ್ಕದ ಮನೆಯಲ್ಲಿ ಮುಂಜಾನೆ ನಲ್ಲಿಯ ಸದ್ದು ತುಸು ತಡವಾದರೂ ಹೋಗಿ ಅವರ ಬಾಗಿಲು ತಟ್ಟುತ್ತಿದ್ದೆ. ಪರೀಕ್ಷೆ ಮುಗಿದು ಡಾಕ್ಟರು ನೋಡುವ ಹೊತ್ತಿಗೆ ಅದು ಕಂಕುಳಿಗೂ ಹಬ್ಬಿತ್ತು. ಆಪರೇಷನ್ ಆಯಿತು, ಕೂದಲು ಉದುರಿತು. ಹುನಗುಂದದಲ್ಲಿದ್ದ ತಂಗಿ ಶಾರದಾ ಬಂದು ಮೇಡಂ ಅವರನ್ನು ತಮ್ಮ ಮನೆಗೆ ಕರೆದೊಯ್ದರು.

ಕೊನೆಯ ಸಲ ಕಂಡಾಗ ಮೇಡಂ ಗೋಡೆಗೆ ಒರಗಿ ಕೂತಿದ್ದರು. ಖುಷಿಯಾದೀತೆಂದು ಲ್ಯಾಬಿನಿಂದ ಒಂದು ಚಿಪ್ಪು ಒಯ್ದಿದ್ದೆ. ಕಣ್ಣು ಮುಚ್ಚಿ ಸವರಿದರು. ಬೆರಳು ಅಂಚು ಸುತ್ತಿ ಬಂತು, ಮತ್ತೊಮ್ಮೆ ಸುತ್ತಿತು.

"ಔಷಧದ್ದು ಜೋಮು," ಎಂದು ಚಿಪ್ಪನ್ನು ಹಾಸಿಗೆಯ ಮೇಲಿಟ್ಟರು. "ಏನೂ ತಿಳೀವಲ್ದು."

ಆಮೇಲೆ ನನ್ನತ್ತ ತಿರುಗಿ ಕೇಳಿದರು: "ನಿಂದು ತೋರಿಸಿದಿಯೇನು?"

ಕೆಲವು ದಿನಗಳಿಂದ ನನ್ನ ಎದೆಯಲ್ಲೂ ಒಂದು ಗಂಟು ಕೈಗೆ ಹತ್ತುತ್ತಿತ್ತು. ಅವರಿಗೊಬ್ಬರಿಗೇ ಹೇಳಿದ್ದೆ.

"ಅಂಜಿಕಿ ಬರ್ತದ್ರಿ."

"ಅಂಜಿಕೊಂಡು ಕೂತರ ಅದು ಕಾಯ್ತದೇನು? ನನ್ನ ನೋಡು." ಆ ದನಿಯಲ್ಲಿ ಸಿಟ್ಟಿತ್ತು. ಬೇಡಿಕೆಯೂ ಇತ್ತು.

ದವಾಖಾನೆಗೆ ಹೋಗುವ ಹಿಂದಿನ ದಿನ ಶಾರದಾ ಅವರಿಗೆ ಫೋನ್ ಮಾಡಿ ಹೇಳಿದ್ದೆ. ಮರುದಿನ ಬಾಗಲಕೋಟೆಯ ದವಾಖಾನೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದಾಗ ಶಾರದಾ ಅವರ ಫೋನ್ ಬಂತು. "ಅಕ್ಕ ಹೋದಳ್ರಿ." ಎದ್ದು ಬಸ್ ನಿಲ್ದಾಣಕ್ಕೆ ಓಡಬೇಕೆನಿಸಿತು. ಬಾಗಿಲವರೆಗೆ ಹೋದೆ. ಹಿಂದಿನಿಂದ ನರ್ಸ್ ನನ್ನ ಹೆಸರು ಕೂಗಿದಳು. ಒಂದು ಗಳಿಗೆ ಅಲ್ಲೇ ನಿಂತು, ತಿರುಗಿ ಒಳಗೆ ಹೋದೆ.

ಹುನಗುಂದ ಮುಟ್ಟುವಷ್ಟರಲ್ಲಿ ಒಯ್ದುಬಿಟ್ಟಿದ್ದರು. ಅಂಗಳ ಇನ್ನೂ ಹಸಿಯಾಗಿತ್ತು. ಶಾರದಾ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು.

"ದವಾಖಾನಿಯೊಳಗಿದ್ದೆರಿ," ಎಂದೆ, ತಪ್ಪು ಮಾಡಿದವಳಂತೆ.

"ಏನಂದ್ರು?"

"ಬರೇ ನೀರಿನ ಗುಳ್ಳಿ ಅಂತ. ಅಂಜೂದೇನಿಲ್ಲ ಅಂದ್ರು."

ಶಾರದಾ ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು. "ಮುಂಜಾನಿ ಅದನ್ನ ಕೇಳಿದಳು ಅಕ್ಕ. ಇವತ್ತ ಹೋಗ್ಯಾಳ ಅಂದೆ. 'ಏನಂದ್ರು ಅಂತ ತಿಳಿದ ಕೂಡ್ಲೆ ನನ್ನ ಎಬ್ಬಿಸು' ಅಂತ ಹೇಳಿ ಮಲ್ಕೊಂಡಳು."