ಫೋಟೊಕ್ಕ ಹೊಗಿ ಬರಂಗಿಲ್ಲ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯಲ್ಲಿ, ಕುರುಗೋಡಿನ ಕಡೆ ತಿರುಗುವ ಕ್ರಾಸಿನಲ್ಲಿ ಗಂಗೋತ್ರಿಯ ವ್ಯಾನ್ ನಿಲ್ಲುತ್ತದೆ. ವಾಹನಗಳ ಹೊಗೆ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವುದು ಅವಳ ಕೆಲಸ. ಭತ್ತದ ಲಾರಿ, ಟ್ರ್ಯಾಕ್ಟರು, ಜನ ತುಂಬಿದ ಆಟೊ ಎಲ್ಲ ಅಲ್ಲಿಂದಲೇ ಹಾಯುತ್ತವೆ. ಬೆಳಿಗ್ಗೆ ಹೊದ್ದ ಬಿಳಿ ದುಪಟ್ಟಾ ಮಧ್ಯಾಹ್ನಕ್ಕೆ ಬೂದಿ ಬಣ್ಣವಾಗುತ್ತದೆ.

ತಂದೆ ತೀರಿಕೊಂಡ ಮೇಲೆ ಅವಳನ್ನೂ ತಾಯಿ ವೀರಭದ್ರಮ್ಮನನ್ನೂ ಬಳ್ಳಾರಿ ಗಾಂಧಿನಗರದ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದವರು ದೊಡ್ಡಪ್ಪ ಗಾದಿಲಿಂಗಪ್ಪ. ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಭತ್ತ ಸಾಗಿಸುವ ಹಳೆಯ ಲಾರಿಗಳು ಅವರವು. ಮನೆಯ ಹುಡುಗಿಯೇ ಹೊಗೆ ತಪಾಸಣೆಗೆ ಕೂತರೆ ಅನುಕೂಲವೆಂದು ವ್ಯಾನಿನ ಲೈಸೆನ್ಸಿಗೆ ಓಡಾಡಿದವರೂ ಅವರೇ.

ವ್ಯಾನ್ ಶುರುವಾದ ಕೆಲವೇ ವಾರಗಳಲ್ಲಿ ಅವರ ಡ್ರೈವರ್ ಓಬಳೇಶ ಲಾರಿ ಇಲ್ಲದೆಯೇ ಬಂದು ಮೊಬೈಲ್ ಮುಂದೆ ಹಿಡಿದ. ಅದರಲ್ಲಿ ಲಾರಿಗಳ ಫೋಟೊ ಇದ್ದವು.

"ಅಕ್ಕಾರ, ಗಾಡಿ ಲೋಡಿಗೆ ಹೋಗ್ಯಾವ್ರಿ. ಇವನ್ನ ನೋಡಿ ಸರ್ಟಿಫಿಕೇಟ್ ಹೊಡದುಕೊಡಾಕ ಮಾಲಕರು ಹೇಳ್ಯಾರ."

"ಗಾಡಿ ತರ್ರಿ, ಅಣ್ಣ. ಫೋಟೊಕ್ಕ ಹೊಗಿ ಬರಂಗಿಲ್ಲ."

ಅಂದು ಸಂಜೆ ದೊಡ್ಡಪ್ಪ ಊಟದ ತಟ್ಟೆ ಸರಿಸಿ ಕೇಳಿದರು. "ಅನ್ನ ಹಾಕಿದ ಮನಿಗೇ ಕಾಯ್ದೆ ಹೇಳ್ತೀಯೇನವ್ವ?"

"ಅನ್ನದ ಋಣ ಐತಿ, ದೊಡ್ಡಪ್ಪ. ಅದನ್ನ ಸುಳ್ಳು ಸರ್ಟಿಫಿಕೇಟ್ ಕೊಟ್ಟು ತೀರ್ಸಂಗಿಲ್ಲ."

ವೀರಭದ್ರಮ್ಮ ಸುಮ್ಮನಿರು ಎಂದು ಮಗಳ ದುಪಟ್ಟಾ ಜಗ್ಗಿದಳು. ಗಂಗೋತ್ರಿ ಸುಮ್ಮನಾಗಲಿಲ್ಲ. ಮರುದಿನವೇ ಕುರುಗೋಡಿನಲ್ಲಿ ಬಾಡಿಗೆ ಕೋಣೆ ಹಿಡಿದಳು. ಬಟ್ಟೆ ಗಂಟು ಕಟ್ಟುವಾಗ ತಾಯಿ ಬಾಗಿಲಲ್ಲೇ ನಿಂತಿದ್ದಳು. ಕೊನೆಗೆ ತನ್ನ ಪೂಜೆಯ ಸಾಮಾನನ್ನೂ ತಂದು ಗಂಟಿನಲ್ಲಿಟ್ಟಳು.

ಆಮೇಲೆ ದೊಡ್ಡಪ್ಪನ ಮಾತು ಕೇಳಿ ಬೇರೆಯವರ ಲಾರಿಗಳೂ ಅವಳ ಹತ್ತಿರ ಬರುವುದು ನಿಂತಿತು. ಬೈಕು, ಆಟೊಗಳಲ್ಲೇ ದಿನ ದೂಡಿದಳು. ಒಂದು ಮಧ್ಯಾಹ್ನ ಗಾದಿಲಿಂಗಪ್ಪನವರ ಲಾರಿ ಬಂದು, ಹಿಂದಕ್ಕೆ ಸರಿದು, ಸೈಲೆನ್ಸರ್ ವ್ಯಾನಿನ ಬಾಗಿಲಿಗೇ ಎದುರಾಗುವಂತೆ ನಿಂತಿತು. ಓಬಳೇಶ ಆಕ್ಸಿಲರೇಟರ್ ಒತ್ತತೊಡಗಿದ. ಕಪ್ಪು ಹೊಗೆ ವ್ಯಾನಿನೊಳಗೆ ನುಗ್ಗಿತು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮಿರ್ಚಿ ಅಂಗಡಿಯ ಸುವರ್ಣಮ್ಮ ಬಾಣಲೆಗೆ ಮುಚ್ಚಳ ಹಾಕಿ ಬೈಯತೊಡಗಿದಳು.

ಗಂಗೋತ್ರಿ ಓಡಿಹೋಗಲಿಲ್ಲ. ಬಾಯಿಗೆ ದುಪಟ್ಟಾ ಬಿಗಿದುಕೊಂಡು, ತಪಾಸಣೆಯ ಪೈಪ್ ಎಳೆದು ತಂದು ಅದೇ ಸೈಲೆನ್ಸರಿಗೆ ತೂರಿಸಿದಳು.

"ಒತ್ರಿ, ಅಣ್ಣ. ಇನ್ನಾ ಜೋರ ಒತ್ರಿ. ಟೆಸ್ಟಿಗೆ ಹಿಂಗೇ ಒತ್ತಬೇಕು."

ಕಂಪ್ಯೂಟರಿನ ಪರದೆಯನ್ನು ಬಸ್ಸಿಗೆ ಕಾಯುವವರ ಕಡೆ ತಿರುಗಿಸಿದಳು. ಮಿತಿ ದಾಟಿದ ಅಂಕಿ ಕೆಂಪಗೆ ಮಿನುಗುತ್ತಿತ್ತು. ಹೆಂಗಸರು ಲಾರಿಯ ಸುತ್ತ ನೆರೆದರು. ಓಬಳೇಶ ಇಂಜಿನ್ ಆರಿಸಿ ಇಳಿದ. ಅವನಿಗೂ ಕೆಮ್ಮು ಹತ್ತಿತ್ತು.

"ಮಾಲಕರು ಹೇಳಿದ್ದು ನಾ ಮಾಡೀನ್ರಿ," ಎಂದ, ಯಾರ ಮುಖವನ್ನೂ ನೋಡದೆ.

"ಇದರ ಹೊಗಿ ದಿನಾ ಕುಡಿಯಾವ್ರು ನೀವು, ಅಣ್ಣ. ನಾಳಿ ಹೇಳಿದವ್ರು ಬಂದು ಕುಡೀತಾರೇನು? ಮೊದ್ಲು ಇಂಜಿನ್ನಿಗೆ ಡೀಸೆಲ್ ಬಿಡೋ ನಾಝಲ್ ಮೆಕ್ಯಾನಿಕ್ಕಿಗೆ ತೋರ್ಸ್ರಿ," ಎಂದಳು ಗಂಗೋತ್ರಿ.

ರಿಪೇರಿಯಾಗದ ಹೊರತು ಆ ಗಾಡಿ ಹತ್ತುವುದಿಲ್ಲವೆಂದು ಓಬಳೇಶ ಮಾಲೀಕರ ಮುಂದೆ ಕೂತುಬಿಟ್ಟ. ಸುಗ್ಗಿಯ ಕಾಲ, ಬೇರೆ ಡ್ರೈವರ್ ಸಿಗಲಿಲ್ಲ. ಗಾದಿಲಿಂಗಪ್ಪ ಗೊಣಗುತ್ತಲೇ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಕಳಿಸಿದರು. ನಾಝಲ್ ಬದಲಾದವು, ಮಣ್ಣು ಹಿಡಿದ ಏರ್ ಫಿಲ್ಟರ್ ಹೊಸದಾಯಿತು. ಅದೇ ಲೋಡು, ಅದೇ ಸಿರುಗುಪ್ಪದ ದಾರಿ, ಆದರೆ ಡೀಸೆಲ್ ಕಡಿಮೆ ಕುಡಿಯಿತು. ಇಷ್ಟು ವರ್ಷ ಸುಡದ ಡೀಸೆಲ್ಲೇ ಹೊಗೆಯಾಗಿ ಹೋಗುತ್ತಿತ್ತೆಂದು ಮೆಕ್ಯಾನಿಕ್ ಹೇಳಿದನಂತೆ.

ವಾರದ ನಂತರ ಲಾರಿ ಕ್ರಾಸಿಗೆ ಬಂತು. ದೊಡ್ಡಪ್ಪ ಕ್ಯಾಬಿನ್ನಿನಲ್ಲೇ ಕೂತಿದ್ದರು, ಇಳಿಯಲಿಲ್ಲ. ಗಂಗೋತ್ರಿ ತಪಾಸಣೆ ಮಾಡಿದಳು, ಪಾಸಾಯಿತು. ಎಲ್ಲರಿಂದ ತೆಗೆದುಕೊಳ್ಳುವಷ್ಟೇ ಶುಲ್ಕ ತೆಗೆದುಕೊಂಡು ಸರ್ಟಿಫಿಕೇಟನ್ನು ಕಿಟಕಿಗೆ ನೀಡಿದಳು.

"ಸಾಕಿನ್ನ, ಅವ್ವನ್ನ ಕರಕೊಂಡು ಮನಿಗೆ ಬಾ," ಎಂದರು ಅವರು.

"ಬರ್ತೀನಿ, ದೊಡ್ಡಪ್ಪ. ಮೊದ್ಲು ನಿಮ್ಮ ಉಳದ ಗಾಡಿನೂ ಟೆಸ್ಟಿಗೆ ಬರ್ಲಿ."