ಬೋರಣ್ಣನ ಪಾಲಿನ ಅಳು

ಬೋರಣ್ಣ ಎಂಬುವವರೊಬ್ಬರು ಇದ್ದಾರೆಂದು ಕೊಲ್ಲಾಪುರಮ್ಮನಿಗೆ ಮೊದಲು ತಿಳಿದದ್ದು ಅವರು ಸತ್ತರೆಂಬ ಸುದ್ದಿ ಬಂದ ದಿನ. ಮಗಳನ್ನು ಜಗಳೂರಿಗೆ ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ. ಅಳಿಯನ ಚಿಕ್ಕಪ್ಪ ಹೋಗಿಬಿಟ್ಟರೆಂದು ಫೋನ್ ಬಂತು. ಮದುವೆಗೂ ಬಾರದಿದ್ದ ಮನುಷ್ಯ, ಮುಖ ನೋಡಿದವಳಲ್ಲ, ಹೆಸರು ಕೇಳಿದವಳಲ್ಲ. ಆದರೂ ಹೊಸ ಬೀಗರ ಮನೆಯ ಸಾವು, ಅರೆಮನಸ್ಸಿನಿಂದ ಅತ್ತರೆ ಮಗಳಿಗೆ ಮಾತು ಬರುತ್ತದೆ. ಸೆರಗು ಬಾಯಿಗಿಟ್ಟು ಶುರುಮಾಡಿದವಳಿಗೆ ತೀರಿಹೋದ ಗಂಡನ ನೆನಪೂ ಸೇರಿಕೊಂಡು, ನ್ಯಾಮತಿಯ ಆ ಬೀದಿಯೆಲ್ಲ ಬಾಗಿಲಿಗೆ ಬಂತು. ಪಕ್ಕದ ಮನೆಯ ತಾಜ್‌ಬೀ ಚಹಾ ಕಾಸಿ ತಂದಳು. ಅದು ಆರುವ ಮೊದಲೇ ಮತ್ತೆ ಫೋನ್. ಬೋರಣ್ಣ ಗಟ್ಟಿಮುಟ್ಟಾಗಿದ್ದಾರೆ. ಬೆಳಿಗ್ಗೆ ಕಾಗೆ ಅವರ ತಲೆ ಮುಟ್ಟಿತ್ತು. ದೋಷ ಕಳೆಯಬೇಕಾದರೆ ಸತ್ತರೆಂದು ಸುಳ್ಳು ಹೇಳಿ ನೆಂಟರನ್ನು ಅಳಿಸಬೇಕು. ಹಳೆಯ ನೆಂಟರೆಲ್ಲ ‘ಕಾಗೆನಾ?’ ಎಂದು ಕೇಳಿ ನಕ್ಕುಬಿಟ್ಟರಂತೆ.

ಮರುವಾರ ಸತ್ತವರೇ ಬಾಳೆಹಣ್ಣು ಹಿಡಿದು ಬಸ್ಸಿಳಿದರು. ಕುರಿ ವ್ಯಾಪಾರದ ಮನುಷ್ಯ, ಕೊಂಬಿನಂಥ ಮೀಸೆ, ಮದುವೆಯಿಲ್ಲ. ನಿಜವಾಗಿ ಹೋದ ದಿನ ತನಗೆ ಅಳುವವರು ಯಾರು ಎಂಬುದೊಂದೇ ಅವರ ಕೊರಗು.

“ಆವತ್ತಿಗೂ ನೀವೇ ಬರಬೇಕು ನೋಡ್ರಿ ಬೀಗ್ರೇ.”

“ಬೇಗ ಹೋದ್ರೆ ಬರ್ತೀನಿ. ತಡ ಮಾಡಿದ್ರೆ ನಾನೇ ಇರಲ್ಲ,” ಎಂದಳು ಕೊಲ್ಲಾಪುರಮ್ಮ.

ಆ ವರ್ಷ ಜಗಳೂರಿನ ಬಯಲಿಗೆ ಯುದ್ಧದ ಸಿನಿಮಾದವರು ಬಂದರು. ಬೋರಣ್ಣನಿಗೆ ಹೆಣದ ಪಾತ್ರ ಸಿಕ್ಕಿತು. ಬೆಳಿಗ್ಗೆ ನಮ್ಮ ಕಡೆಯವರಾಗಿ ಸತ್ತರು, ಉಂಡ ಮೇಲೆ ಬಟ್ಟೆ ಬದಲಿಸಿ ವೈರಿ ಕಡೆ ಸತ್ತರು, ನಡುವೆ ಗೊರಕೆ ಹೊಡೆದು ಬೈಸಿಕೊಂಡರು. ಸಿನಿಮಾ ಹೊನ್ನಾಳಿಗೆ ಬಂದಾಗ ನೆಂಟರನ್ನೆಲ್ಲ ತಾವೇ ಕರೆದೊಯ್ದು, ಕೊಲ್ಲಾಪುರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಬಾವುಟ, ಹಾಡು ಇರುತ್ತವೆಂದು ಹೋದವರಿಗೆ ಕಂಡದ್ದೇ ಬೇರೆ. ಮೀಸೆ ಮೂಡದ ಹುಡುಗರು ಅವ್ವಾ ಎಂದು ಕೂಗುತ್ತ ಕೆಸರಿನಲ್ಲಿ ತಮ್ಮ ಕೈಕಾಲು ಹುಡುಕುತ್ತಿದ್ದರು. ಆ ಕೆಸರು ಸೀರೆಗೆ ಹತ್ತೀತೆಂಬಂತೆ ಕೊಲ್ಲಾಪುರಮ್ಮ ಕಾಲೆತ್ತಿ ಸೀಟಿನ ಮೇಲೆ ಮುದುರಿದಳು. ಅಣ್ಣನನ್ನು ಹುಡುಕುವ ಸೈನಿಕನೊಬ್ಬ ಹೆಣಗಳ ಮುಖ ತಿರುಗಿಸುತ್ತ ಬಂದ. ಒಂದು ಮುಖಕ್ಕೆ ಬೋರಣ್ಣನ ಮೀಸೆ. ನೆಂಟರು ಸಿಳ್ಳೆ ಹಾಕಿದರು. ಸೈನಿಕ ನೋಡಿದ, ತನ್ನವನಲ್ಲವೆಂದು ಆ ಮುಖವನ್ನು ಕೆಸರಿಗೇ ಬಿಟ್ಟು ಮುಂದೆ ಹೋದ. ಸಿಳ್ಳೆ ಅರ್ಧಕ್ಕೇ ನಿಂತಿತು.

ಇಂಟರ್‌ವಲ್‌ನಲ್ಲಿ ಎಲ್ಲರೂ ಮಂಡಕ್ಕಿ ಮಿರ್ಚಿಗೆ ಎದ್ದರು. ಬೋರಣ್ಣ ಏಳಲಿಲ್ಲ.

“ಚೆನ್ನಾಗಿ ಸತ್ತಿದ್ರಿ ಬೀಗ್ರೇ, ಗೊರಕೆ ಕೇಳಿಸ್ಲೇ ಇಲ್ಲ,” ಎಂದು ಅವಳು ಛೇಡಿಸಿದಳು.

ಮುಂದೆ ಬೋರಣ್ಣ ನಿಜವಾಗಿಯೇ ಹೋದರೆಂದು ಜಗಳೂರಿನಿಂದ ಫೋನ್ ಬಂದಾಗಲೂ ಕೊಲ್ಲಾಪುರಮ್ಮ ‘ಮತ್ತೆ ಕಾಗೆನಾ?’ ಎಂದೇ ಕೇಳಿದಳು. ಅಷ್ಟರೊಳಗೆ ಇಬ್ಬರೂ ಮತ್ತೆ ಕೂತು ಮಾತಾಡಿರಲಿಲ್ಲ. ಬೋರಣ್ಣ ಅವಳಲ್ಲಿ ಕೊನೆಗೆ ಕೇಳಿದ್ದು ಆ ಇಂಟರ್‌ವಲ್‌ನಲ್ಲಿ, ಖಾಲಿ ಪರದೆಯನ್ನು ನೋಡುತ್ತ ಕೇಳಿದ್ದೇ.

“ನಾನೇನೋ ಎದ್ದು ಹೋಗಿ ಉಂಡೆ. ನಿಜವಾಗಿ ಹಂಗೆ ಬಿದ್ದೋರು ಏಳ್ತಾರೇನ್ರಿ? ನಮ್ಮೋನು ಅಂತ ಒಬ್ರೂ ಅನ್ನಲಿಲ್ಲ ಆ ಕೆಸರಾಗಿನವನ್ನ. ನನಗಾದ್ರೆ ಮುಖ ನೋಡ್ದೇನೇ ಅತ್ತಿದ್ರಿ. ನನಗಂತ ಅಳು ಇಟ್ಕೊಂಡಿದ್ದೀರಲ್ಲ, ಅದ್ರಾಗೆ ಒಂಚೂರು ಅವನಿಗೂ ಅತ್ತುಬಿಡ್ರಿ.”